ಅಳೆಯಲು ಕಲಿತ ಕೈ: ಸೌರ ವಿದ್ಯುತ್ ಮತ್ತು ವಿದ್ಯುತ್ ಉಳಿತಾಯದ ವೃತ್ತಿಗೆ ಬೇಕಾದ ತರಬೇತಿ

(ತುಮಕೂರು ಜಿಲ್ಲೆಯ ಒಂದು ಐಟಿಐನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ವಿದ್ಯಾರ್ಥಿಗಳೇ, ಅವರೊಂದಿಗೆ ಬಂದಿರುವ ತಂದೆತಾಯಿಯರೇ, ಈ ಸಂಸ್ಥೆಯ ತರಬೇತಿ ಅಧಿಕಾರಿಗಳೇ,

ಒಳಗೆ ಬರುವ ಮೊದಲು ಬಾಗಿಲಲ್ಲಿ ಒಬ್ಬ ತಂದೆ ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. "ಸಾರ್, ಈ ಸೋಲಾರ್ ಕೆಲಸ ಇನ್ನೆಷ್ಟು ವರ್ಷ ಇರುತ್ತೆ? ಪ್ಲೇಟು ಕೂರಿಸೋದೆಲ್ಲ ಮುಗಿದ ಮೇಲೆ ನಮ್ಮ ಹುಡುಗ ಏನು ಮಾಡಬೇಕು?" ನಿಂತ ಕಾಲಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಅದಲ್ಲ. ಸಿದ್ಧಪಡಿಸಿಕೊಂಡು ಬಂದಿದ್ದ ಪೀಠಿಕೆಯನ್ನು ಬದಿಗಿಟ್ಟು, ಇಂದಿನ ಮಾತನ್ನು ಅವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಈ ಜಿಲ್ಲೆಯಲ್ಲಿ ಆ ಪ್ರಶ್ನೆ ಏಳುವುದಕ್ಕೆ ಕಾರಣವಿದೆ. ನೀವು ಪಾವಗಡವನ್ನು ಕಣ್ಣಾರೆ ಕಂಡವರು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುತ್ತ 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು ಕಟ್ಟಿದ ಆ ಸೌರ ಪಾರ್ಕ್ 2018ರಲ್ಲಿ ಉದ್ಘಾಟನೆಯಾಗಿ, ಕ್ರಮೇಣ 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಮಳೆ ಕೈಕೊಟ್ಟ ನೆಲಕ್ಕೆ ಬಿಸಿಲಿನಿಂದ ಬಾಡಿಗೆ ಬರುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಕಂಬ ನೆಡುವ, ಕಂದಕ ತೋಡುವ, ಕೇಬಲ್ ಎಳೆಯುವ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಗೆ ಸಿಕ್ಕ ಕೆಲಸ, ಕಟ್ಟುವುದು ಮುಗಿಯುತ್ತಿದ್ದಂತೆ ಕರಗಿತು. ಊರಿನವರ ಪಾಲಿಗೆ ಹೆಚ್ಚಾಗಿ ಉಳಿದದ್ದು ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಗೇಟು ಕಾಯುವ ಕೆಲಸ. ಆ ಕೆಲಸಗಳಿಗೂ ಘನತೆ ಇದೆ. ಆದರೆ ಒಂದು ಪ್ಯಾನೆಲ್ ಸಾಲು ಏಕೆ ಕಡಿಮೆ ವಿದ್ಯುತ್ ಕೊಡುತ್ತಿದೆ ಎಂದು ಹುಡುಕುವ ಕೆಲಸಕ್ಕೆ ಪಕ್ಕದ ಊರಿನ ಹುಡುಗನನ್ನು ಕರೆಯದೆ ದೂರದಿಂದ ತಂತ್ರಜ್ಞರನ್ನು ಕರೆಸಬೇಕಾಗುತ್ತದೆ ಎಂದಾದರೆ, ಅದು ಹುಡುಗನ ತಪ್ಪಲ್ಲ, ಅವನಿಗೆ ನಾವು ಕೊಡದೆ ಹೋದ ತರಬೇತಿಯ ತಪ್ಪು.

ಹಾಗಾಗಿ ಆ ತಂದೆಗೆ ನನ್ನ ಉತ್ತರ ಇದು. ಪ್ಯಾನೆಲ್ ಕೂರಿಸುವುದನ್ನಷ್ಟೇ ಕಲಿತವನ ಕೆಲಸ ಕೂರಿಸುವುದು ಮುಗಿದ ದಿನ ಮುಗಿಯುತ್ತದೆ. ವಿದ್ಯುತ್ತನ್ನು ಅಳೆಯಲು ಕಲಿತವನ ಕೆಲಸ, ವಿದ್ಯುತ್ ಇರುವ ತನಕ ಇರುತ್ತದೆ. ಅಳೆಯುವುದು ಎಂದರೆ ತಾರಸಿಯ ಮೇಲೆ ಎಷ್ಟು ಹುಟ್ಟುತ್ತಿದೆ ಎಂಬುದೊಂದೇ ಅಲ್ಲ, ಕೆಳಗಿನ ಮನೆಯಲ್ಲಿ, ಅಂಗಡಿಯಲ್ಲಿ, ಪಂಪ್‌ಸೆಟ್ಟಿನಲ್ಲಿ ಎಷ್ಟು ಸೋರಿಹೋಗುತ್ತಿದೆ ಎಂಬುದೂ ಹೌದು. ಇವೆರಡನ್ನು ಬೇರೆಬೇರೆ ಕೋರ್ಸುಗಳಾಗಿ, ಬೇರೆಬೇರೆ ಜನರ ವೃತ್ತಿಗಳಾಗಿ ನೋಡುವುದು ದೊಡ್ಡ ತಪ್ಪು ಎಂದು ನಾನು ನಂಬಿದ್ದೇನೆ.

ಮೊದಲು, ಈಗ ಇರುವ ದಾರಿಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2015ರಲ್ಲಿ 'ಸೂರ್ಯಮಿತ್ರ' ಎಂಬ ತರಬೇತಿಯನ್ನು ಆರಂಭಿಸಿತು. ಗುರುಗ್ರಾಮದ ಹತ್ತಿರವಿರುವ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಅದನ್ನು ರೂಪಿಸಿತು. 90 ದಿನ, 600 ಗಂಟೆ, ಊಟ ವಸತಿ ಸಹಿತ ಉಚಿತವಾಗಿ, ಐಟಿಐ ಅಥವಾ ಡಿಪ್ಲೊಮಾ ಮುಗಿಸಿದವರಿಗೆಂದು ಮಾಡಿದ ಕಾರ್ಯಕ್ರಮ ಅದು. ಐದು ವರ್ಷಗಳಲ್ಲಿ 50,000 ಜನರನ್ನು ತಯಾರು ಮಾಡುವುದು ಆಗಿನ ಗುರಿಯಾಗಿತ್ತು. ಐಟಿಐಗಳಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್ ಜೊತೆಗೆ ಒಂದು ವರ್ಷದ ಸೋಲಾರ್ ಟೆಕ್ನಿಷಿಯನ್ ಟ್ರೇಡ್ ಕೂಡ ಬಂದಿದೆ. ನನ್ನ ಸಲಹೆ ಕೇಳುವುದಾದರೆ, ಅವಕಾಶ ಇರುವವರು ಎಲೆಕ್ಟ್ರಿಷಿಯನ್ ಟ್ರೇಡ್ ಪೂರ್ತಿ ಮಾಡಿ, ಅದರ ಮೇಲೆ ಸೌರ ತರಬೇತಿ ಪಡೆಯಿರಿ. ಬೇರು ಎಲೆಕ್ಟ್ರಿಷಿಯನ್ ವಿದ್ಯೆ, ಸೋಲಾರ್ ಅದರ ಒಂದು ಕೊಂಬೆ. ಬೇರಿಲ್ಲದೆ ಕೊಂಬೆಗೆ ಜೋತುಬಿದ್ದವರು ಕಂಪನಿ ಬದಲಾದಾಗಲೆಲ್ಲ ನೆಲಕ್ಕೆ ಬೀಳುವುದನ್ನು ಕಂಡಿದ್ದೇನೆ.

ಬೇಡಿಕೆ ಇದೆಯೇ ಎಂಬ ಸಂಶಯ ಬೇಡ. 2025ರ ಜನವರಿಯಲ್ಲಿ ದೇಶದ ಒಟ್ಟು ಸೌರ ವಿದ್ಯುತ್ ಸಾಮರ್ಥ್ಯ 100 ಗಿಗಾವ್ಯಾಟ್ ದಾಟಿತು. 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಪಡೆದ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ತಾರಸಿಯನ್ನು ಗುರಿಯಾಗಿಟ್ಟುಕೊಂಡಿದೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಹೆಚ್ಚೆಂದರೆ 78,000 ರೂಪಾಯಿ ಸಹಾಯಧನ ಎಂಬ ಲೆಕ್ಕ ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿರಬಹುದು. ಅದೇ ಯೋಜನೆಯಲ್ಲಿ ಅಷ್ಟಾಗಿ ಯಾರೂ ಮಾತನಾಡದ ಒಂದು ಷರತ್ತಿದೆ. ಅಳವಡಿಸಿದವರು 5 ವರ್ಷ ನಿರ್ವಹಣೆಯನ್ನೂ ನೋಡಿಕೊಳ್ಳಬೇಕು. ಪ್ಯಾನೆಲ್ಲಿನ ಆಯಸ್ಸು 25 ವರ್ಷ ಎನ್ನುತ್ತೇವೆ, ಪ್ಯಾನೆಲ್ಲಿನ ವಿದ್ಯುತ್ತನ್ನು ಮನೆಯ ಬಳಕೆಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ಸಾಮಾನ್ಯವಾಗಿ ಅದರ ಅರ್ಧದಷ್ಟು ಕಾಲವೂ ಬಾಳುವುದಿಲ್ಲ. ಕೂರಿಸುವುದು ಎರಡು ಮೂರು ದಿನದ ಕೆಲಸ, ಆಮೇಲಿನದು ಕಾಲು ಶತಮಾನದ ಕೆಲಸ. ಹೀಗಿದ್ದೂ ತರಬೇತಿಯ ಬಹುಪಾಲು ಗಂಟೆಗಳು ಮೊದಲ ಮೂರು ದಿನಗಳಿಗೇ ಮೀಸಲಾಗಿವೆ.

ಕೆಲಸದ ಒಳಹೊಕ್ಕು ಒಂದು ಸಂಗತಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಇಗೋ, ನನ್ನ ಕೈಯಲ್ಲಿರುವುದು ಪ್ಯಾನೆಲ್ ಕೇಬಲ್ಲುಗಳನ್ನು ಒಂದಕ್ಕೊಂದು ಸೇರಿಸುವ ಕನೆಕ್ಟರ್. ಹೆಬ್ಬೆರಳಿಗಿಂತ ತುಸು ಉದ್ದದ ಕಪ್ಪು ಪ್ಲಾಸ್ಟಿಕ್, ಒಳಗೊಂದು ಲೋಹದ ಪಿನ್ನು. ಇದರ ಒಂದು ಬದಿ ಕರಗಿ ಗುಳಿ ಬಿದ್ದಿರುವುದನ್ನು ಮುಂದಿನ ಸಾಲಿನವರು ನೋಡಬಹುದು. ಕೆಲವು ವರ್ಷಗಳ ಹಿಂದೆ ಒಂದು ಕಲ್ಯಾಣ ಮಂಟಪದ ತಾರಸಿಯಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಕರೆ ಬಂದು ಹೋದಾಗ ಬಿಚ್ಚಿ ತಂದದ್ದು. ಅಳವಡಿಸಿದವರು ಕೇಬಲ್ಲಿನ ತುದಿಗೆ ಪಿನ್ನನ್ನು ಕೂರಿಸುವಾಗ ಪಿನ್ನನ್ನು ತಂತಿಗೆ ಬಿಗಿಯಾಗಿ ಒತ್ತುವ ಕ್ರಿಂಪಿಂಗ್ ಟೂಲ್ ಬಳಸದೆ ಸಾಮಾನ್ಯ ಕಟಿಂಗ್ ಪ್ಲೇಯರಿನಲ್ಲಿ ಅದುಮಿದ್ದರು. ಅದು ಸಾಲದೆಂಬಂತೆ, ಎದುರಿನ ಕನೆಕ್ಟರ್ ಬೇರೆ ತಯಾರಿಕೆಯದು, ನೋಡಲು ಒಂದೇ ತರಹ ಇದ್ದರೂ ಒಳಗಿನ ಹಿಡಿತ ಬೇರೆ.

ಆ ಸಡಿಲ ಕೂಡಿಕೆಯಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ರೋಧ ಹುಟ್ಟಿಕೊಂಡಿತು ಎಂದಿಟ್ಟುಕೊಳ್ಳಿ. ಈಗಿನ ದೊಡ್ಡ ಪ್ಯಾನೆಲ್ಲುಗಳಿಂದ ಮಟಮಟ ಮಧ್ಯಾಹ್ನ ಸುಮಾರು 13 ಆಂಪಿಯರ್ ಹರಿಯುತ್ತದೆ. ಹರಿವಿನ ವರ್ಗವನ್ನು ರೋಧದಿಂದ ಗುಣಿಸಿದರೆ ಹುಟ್ಟುವ ಶಾಖ ಸಿಗುತ್ತದೆ: 13ರ ವರ್ಗ 169, ಅದನ್ನು 0.1ರಿಂದ ಗುಣಿಸಿದರೆ ಸುಮಾರು 17 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್ನಿನ ಶಾಖವನ್ನು ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನೊಳಗೆ ಕೂಡಿಹಾಕಿ, ದಿನಕ್ಕೆ ಐದಾರು ಗಂಟೆ, ವರ್ಷಗಟ್ಟಲೆ ಬಿಟ್ಟಂತಾಯಿತು. ಕರಗದೆ ಇನ್ನೇನಾದೀತು?

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಹೊದಿಕೆಯನ್ನು ಸುಮಾರು 7 ಮಿಲಿಮೀಟರ್ ಸುಲಿಯಬೇಕು, ಒಂದು ಎಳೆ ತಂತಿಯೂ ತುಂಡಾಗಬಾರದು. ಪಿನ್ನಿನೊಳಗೆ ಎಳೆಗಳೆಲ್ಲ ಕೂತ ಮೇಲೆ ಟೂಲಿನಲ್ಲಿ ಒಮ್ಮೆ ಪೂರ್ತಿ ಒತ್ತಬೇಕು, ಅರ್ಧಕ್ಕೆ ಬಿಡಬಾರದು. ಕನೆಕ್ಟರಿನೊಳಗೆ ತಳ್ಳಿದಾಗ 'ಟಕ್' ಎಂಬ ಸದ್ದು ಕಿವಿಗೆ ಕೇಳಬೇಕು. ಆಮೇಲೆ ಹಿಂದಕ್ಕೆ ಎಳೆದು ನೋಡಬೇಕು, ಕೊನೆಯಲ್ಲಿ ಹಿಂಬದಿಯ ನಟ್ಟನ್ನು ಅದರದೇ ಸ್ಪ್ಯಾನರಿನಲ್ಲಿ ಬಿಗಿಯಬೇಕು. ನಾನು ತರಬೇತಿ ಕೊಡುವಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯೂ ಇದನ್ನು ನೂರು ಸಲ ಮಾಡುತ್ತಾನೆ. ಮೊದಲ ಮೂವತ್ತು ಕನೆಕ್ಟರುಗಳನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ, ಒಳಗೆ ಎಳೆಗಳು ಹೇಗೆ ಒತ್ತಿಕೊಂಡಿವೆ ಎಂದು ಅವನಿಗೇ ತೋರಿಸುತ್ತೇವೆ. ವಸ್ತು ಹಾಳಾಗುತ್ತದೆ ಎಂದು ಲೆಕ್ಕ ಹಾಕುವ ಸಂಸ್ಥೆಗಳು ಈ ಪಾಠವನ್ನು ಪರದೆಯ ಮೇಲಿನ ಚಿತ್ರದಲ್ಲಿ ಮುಗಿಸುತ್ತವೆ. ಸೇರುವ ಮೊದಲು ಪೋಷಕರು ಕೇಳಬೇಕಾದ ಪ್ರಶ್ನೆ ಇದೇ: ನಮ್ಮ ಮಗ ಅಥವಾ ಮಗಳು ತನ್ನ ಕೈಯಾರೆ ಎಷ್ಟು ಕನೆಕ್ಟರ್ ಒತ್ತುತ್ತಾರೆ, ಎಷ್ಟು ದಿನ ತಾರಸಿಯ ಮೇಲೆ ಇರುತ್ತಾರೆ?

ಮನೆಯ ವೈರಿಂಗ್ ಗೊತ್ತಿರುವವರಿಗೂ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಪ್ಯಾನೆಲ್ಲಿನಿಂದ ಒಂದೇ ದಿಕ್ಕಿನಲ್ಲಿ ಹರಿದು ಬರುವ ಡಿಸಿ ವಿದ್ಯುತ್ತಿನ ಸ್ವಭಾವ. ಮನೆಗೆ ಬರುವ ಎಸಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳಲ್ಲಿ 100 ಬಾರಿ ಸೊನ್ನೆಯನ್ನು ಹಾಯುತ್ತದೆ. ಸ್ವಿಚ್ ತೆಗೆದಾಗ ಹುಟ್ಟುವ ಕಿಡಿ ಹಾಗೆ ಹಾಯುವಾಗ ಉಸಿರು ಕಟ್ಟಿ ಆರುತ್ತದೆ. ಡಿಸಿಯಲ್ಲಿ ಸೊನ್ನೆಯೇ ಇಲ್ಲ. ಹರಿಯುತ್ತಿರುವಾಗ ಕನೆಕ್ಟರ್ ಕಿತ್ತರೆ ಕಿಡಿ ಎರಡು ತುದಿಗಳ ನಡುವೆ ಹಗ್ಗದಂತೆ ಎಳೆದುಕೊಂಡು ಉರಿಯುತ್ತಲೇ ಇರುತ್ತದೆ. ಆರು ಪ್ಯಾನೆಲ್ಲುಗಳ ಸಾಲಿನಲ್ಲೇ 300 ವೋಲ್ಟಿನ ಹತ್ತಿರ ಇರುತ್ತದೆ, ದೊಡ್ಡ ಕಟ್ಟಡಗಳಲ್ಲಿ ಅದರ ಎರಡು ಮೂರು ಪಟ್ಟು. ಮೈನ್ ಸ್ವಿಚ್ ಆರಿಸಿದರೆ ಮನೆಯ ವೈರಿಂಗ್ ಸತ್ತಂತೆ, ಬಿಸಿಲಿರುವ ತನಕ ಪ್ಯಾನೆಲ್ ಮಾತ್ರ ಬದುಕಿಯೇ ಇರುತ್ತದೆ. ಆದ್ದರಿಂದ ಮೊದಲು ಇನ್ವರ್ಟರಿನ ಎಸಿ, ಆಮೇಲೆ ಡಿಸಿ ಬದಿಯ ಸಂಪರ್ಕ ಕಡಿಯುವ ಸ್ವಿಚ್ಚಾದ ಐಸೊಲೇಟರ್, ಅದಾದ ಮೇಲೆ ತಂತಿಯನ್ನು ಸುತ್ತಿ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಹರಿವು ಸೊನ್ನೆ ಎಂದು ಕಣ್ಣಾರೆ ಕಂಡು, ಕೊನೆಗೆ ಕನೆಕ್ಟರಿಗೆ ಕೈ. ಈ ಅನುಕ್ರಮ ತಪ್ಪಿದ ಎಲೆಕ್ಟ್ರಿಷಿಯನ್ ಎಷ್ಟೇ ಹಳಬನಾಗಿರಲಿ, ನಾನು ಅವನನ್ನು ತಾರಸಿಗೆ ಹತ್ತಿಸುವುದಿಲ್ಲ.

ಎತ್ತರದ ಕೆಲಸದ ಬಗ್ಗೆ ಹೆಚ್ಚು ವಿವರಿಸುವುದಿಲ್ಲ, ಆದರೆ ಅತಿ ಕಟ್ಟುನಿಟ್ಟು ಅಲ್ಲಿಯೇ. ಮೈಗೆ ಪೂರ್ತಿ ಹಾರ್ನೆಸ್ ಎಂಬ ಸುರಕ್ಷತಾ ಪಟ್ಟಿ, ಗಟ್ಟಿಯಾದ ಕಡೆಗೆ ಕಟ್ಟಿದ ಹಗ್ಗ, ಸಿಮೆಂಟ್ ಶೀಟಿನ ಚಾವಣಿಯಾದರೆ ಕೆಳಗೆ ತೊಲೆ ಇರುವ ಜಾಗದ ಮೇಲೆ ಹಲಗೆ ಹಾಸಿ ನಡೆಯುವುದು. ಒಂದೇ ಒಂದು ಪ್ಯಾನೆಲ್ ತಾನೇ ಎಂದು ಹಾರ್ನೆಸ್ ಇಲ್ಲದೆ ಹತ್ತಿದ ಯುವಕನೊಬ್ಬ ಶೀಟು ಮುರಿದು ಬಿದ್ದ ಗೋದಾಮಿಗೆ ನಾನು ಹೋಗಿದ್ದೆ. ಅವನು ಬದುಕಿದ, ಆದರೆ ಆ ಸೊಂಟಕ್ಕೆ ಇನ್ನು ಏಣಿ ಹತ್ತುವ ಶಕ್ತಿ ಇಲ್ಲ. ನಿಮ್ಮ ಮಾಲೀಕರು ಹಾರ್ನೆಸ್ ಕೊಡದಿದ್ದರೆ ಕೆಲಸ ಬೇಡ ಎನ್ನಿ, ಇಲ್ಲಿ ಕುಳಿತಿರುವ ತಂದೆತಾಯಿಯರೂ ಮಕ್ಕಳ ಆ ಮಾತಿಗೆ ಬೆಂಬಲ ನಿಲ್ಲಿ.

ಇನ್ನು ತಾರಸಿಯಿಂದ ಇಳಿದು ಮನೆಯೊಳಗೆ ಬರೋಣ. ನಮ್ಮ ತರಬೇತಿಗಳಲ್ಲಿ ಅತ್ಯಂತ ಬಡವಾಗಿರುವ ಭಾಗ ಇದು.

ಒಂದು ಮನೆಯಲ್ಲಿ ಆರು ಸೀಲಿಂಗ್ ಫ್ಯಾನುಗಳಿವೆ. ಹಳೆಯ ಬಗೆಯ ಫ್ಯಾನ್ ಪೂರ್ಣ ವೇಗದಲ್ಲಿ 75 ವ್ಯಾಟ್ ತಿನ್ನುತ್ತದೆ. ದಿನಕ್ಕೆ 12 ಗಂಟೆ ತಿರುಗಿದರೆ ಆರೂ ಸೇರಿ 5.4 ಯೂನಿಟ್. ಬಿಎಲ್‌ಡಿಸಿ ಎಂಬ, ಕಡಿಮೆ ವಿದ್ಯುತ್ ತಿನ್ನುವ ಮೋಟಾರಿನ ಫ್ಯಾನುಗಳಾದರೆ ಸುಮಾರು 30 ವ್ಯಾಟ್, ದಿನಕ್ಕೆ 2.2 ಯೂನಿಟ್ ಸಾಕು. ಉಳಿದದ್ದು ದಿನಕ್ಕೆ 3.2 ಯೂನಿಟ್. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಆರು ಫ್ಯಾನು ಬದಲಿಸಿದ್ದು ತಾರಸಿಯ ಮೇಲೆ 800 ವ್ಯಾಟ್ ಪ್ಯಾನೆಲ್ ಕೂರಿಸಿದ್ದಕ್ಕೆ ಸಮ. ಫ್ಯಾನುಗಳ ಖರ್ಚು ಆ ಪ್ಯಾನೆಲ್ಲುಗಳ ಖರ್ಚಿನ ಅರ್ಧಕ್ಕಿಂತ ಕಡಿಮೆ. 5 ಕಿಲೋವ್ಯಾಟ್ ಬೇಕು ಎಂದು ಬಂದ ಗ್ರಾಹಕರಿಗೆ, "ಅಮ್ಮಾ, ಮೊದಲು ಫ್ಯಾನು, ಫ್ರಿಡ್ಜು ನೋಡೋಣ, ನಿಮಗೆ 3 ಸಾಕಾಗಬಹುದು" ಎಂದು ಹೇಳುವ ತಂತ್ರಜ್ಞನಿಗೆ ಆ ದಿನ ವ್ಯಾಪಾರ ಕಡಿಮೆಯಾದೀತು. ಆದರೆ ಆ ಬೀದಿಯ ಮುಂದಿನ ಹತ್ತು ಮನೆಯವರು ಕರೆಯುವುದು ಅವನನ್ನೇ.

ಗೃಹಜ್ಯೋತಿ ಬಂದ ಮೇಲೆ ಮನೆಗಳಲ್ಲಿ ಉಳಿತಾಯಕ್ಕೆ ಅರ್ಥವಿಲ್ಲ ಎನ್ನುವವರಿದ್ದಾರೆ. 2023ರಿಂದ ಜಾರಿಯಲ್ಲಿರುವ ಆ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ. ತಿಂಗಳ ಬಳಕೆ 200 ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕು. 215 ಯೂನಿಟ್ ಉರಿಸುವ ಮನೆಗೆ 20 ಯೂನಿಟ್ ಉಳಿಸಿಕೊಡುವುದು ಎಷ್ಟು ದೊಡ್ಡ ಸಹಾಯ ಎಂಬುದನ್ನು ನೀವೇ ಲೆಕ್ಕ ಹಾಕಿ. ಇಲ್ಲಿ ಬೇಕಾದದ್ದು ಪ್ಯಾನೆಲ್ ಅಲ್ಲ, ಒಂದು ಸಂಜೆ ಕುಳಿತು ಒಂದೊಂದು ಉಪಕರಣವನ್ನೂ ಅಳೆಯುವ ತಾಳ್ಮೆ.

ನೀರು ಕಾಯಿಸುವುದರಲ್ಲೂ ಇದೇ ಮಾತು. 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 3.5 ಯೂನಿಟ್ ಬೇಕು. ಬೆಂಗಳೂರಿನಲ್ಲಿ 2007ರಿಂದ ಹೊಸ ಮನೆಗಳಿಗೆ ಸೌರ ವಾಟರ್ ಹೀಟರ್ ಕಡ್ಡಾಯವಾದದ್ದರ ಹಿಂದೆ ಈ ಲೆಕ್ಕವೇ ಇದೆ, ನಗರದ ತಾರಸಿಗಳ ಮೇಲಿನ ಆ ಉದ್ದ ಟ್ಯಾಂಕುಗಳು ಅದಕ್ಕೆ ಸಾಕ್ಷಿ. ಆದರೆ ಬೋರ್‌ವೆಲ್ಲಿನ ಗಡಸು ನೀರಿಗೆ ಕೊಳವೆಯೊಳಗೆ ಸುಣ್ಣ ಕಟ್ಟಿಕೊಂಡು, ಸರಿಪಡಿಸುವವರು ಸಿಗದೆ, ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲನ್ನೇ ವರ್ಷವಿಡೀ ಉರಿಸುತ್ತಿರುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಕಾನೂನು ಉಪಕರಣವನ್ನು ತಂದಿತು, ಅದನ್ನು ಸಾಕುವ ಕೈಗಳನ್ನು ಯಾರೂ ತಯಾರು ಮಾಡಲಿಲ್ಲ. ತಾರಸಿಯ ಪ್ಯಾನೆಲ್ಲುಗಳಿಗೂ ಅದೇ ಗತಿ ಬರಬಾರದು ಎಂಬುದೇ ನನ್ನ ಕಾಳಜಿ.

ಹಳ್ಳಿಯಲ್ಲಿ ದೊಡ್ಡ ಸೋರಿಕೆ ಪಂಪ್‌ಸೆಟ್ಟಿನದು. ತಿಪಟೂರಿನ ಕಡೆಯ ಒಂದು ತೆಂಗಿನ ತೋಟದಲ್ಲಿ, ಇರುವ 5 ಅಶ್ವಶಕ್ತಿಯ ಪಂಪು ಸಾಲುತ್ತಿಲ್ಲ, 7.5ರ ಸೋಲಾರ್ ಪಂಪು ಹಾಕಿಕೊಡಿ ಎಂದು ಕೇಳಿದ್ದರು. ನಮ್ಮ ವಿದ್ಯಾರ್ಥಿಗಳು ಗಡಿಯಾರ ಹಿಡಿದು ತೊಟ್ಟಿ ತುಂಬುವ ಹೊತ್ತನ್ನು ಅಳೆದರು, ಮೋಟಾರು ಎಳೆಯುವ ಆಂಪಿಯರ್ ಅಳೆದರು, ಪೈಪಿನ ಜಾಡು ಹಿಡಿದು ನಡೆದರು. ಮೋಟಾರಿನಲ್ಲಿ ದೋಷವಿರಲಿಲ್ಲ. ಉದ್ದಕ್ಕೂ 2 ಇಂಚಿನ ಪೈಪು, ಸಿಕ್ಕಸಿಕ್ಕಲ್ಲಿ ಎಲ್ಬೋ. ಪೈಪಿನೊಳಗಿನ ಘರ್ಷಣೆ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅಷ್ಟೇ ನೀರನ್ನು 2 ಇಂಚಿನ ಬದಲು ಎರಡೂವರೆ ಇಂಚಿನ ಪೈಪಿನಲ್ಲಿ ಹರಿಸಿದರೆ ಘರ್ಷಣೆಯ ನಷ್ಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪೈಪು ಬದಲಾಯಿತು, ಹಳೆಯ ಪಂಪೇ ಸಾಕಾಯಿತು. ಹೈಸ್ಕೂಲಿನ ಗಣಿತ ಇಷ್ಟು ಹತ್ತಿರದಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಆ ಹುಡುಗರಿಗೂ ಅಂದೇ ತಿಳಿದದ್ದು.

ಈ ಸಂದರ್ಭದಲ್ಲಿ ಮೋಟಾರು ರೀವೈಂಡಿಂಗ್ ಅಂಗಡಿಗಳವರನ್ನು ನೆನೆಯಬೇಕು. ಪ್ರತಿ ಹೋಬಳಿಯಲ್ಲೂ ಅಂಥ ಒಂದೆರಡು ಅಂಗಡಿಗಳಿವೆ. ಕಾಯಿಲ್ ಸುಟ್ಟ ವಾಸನೆಯಲ್ಲೇ ದೋಷ ಹೇಳುವ ಅವರಲ್ಲಿ ಅನೇಕರ ಬಳಿ ಯಾವ ಸರ್ಟಿಫಿಕೇಟೂ ಇಲ್ಲ. ಹೊಸಬರನ್ನು ಸೊನ್ನೆಯಿಂದ ತಯಾರು ಮಾಡುವಷ್ಟೇ ಮುಖ್ಯವಾಗಿ, ಇವರಿಗೆ ಡಿಸಿ ಸುರಕ್ಷತೆಯನ್ನೂ ಉಳಿತಾಯದ ಲೆಕ್ಕವನ್ನೂ ಕಲಿಸಿ ಪ್ರಮಾಣಪತ್ರ ಕೊಡಬೇಕು. ನಾಲ್ಕೇ ವಾರದಲ್ಲಿ ಅವರು ಬೇರೆಯವರು ಒಂದು ವರ್ಷದಲ್ಲಿ ಮುಟ್ಟುವ ಮಟ್ಟವನ್ನು ಮುಟ್ಟುತ್ತಾರೆ.

ಕಲಿಸುವ ಭಾಷೆಯ ವಿಚಾರದಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ಅರ್ಥಿಂಗ್, ಇನ್ವರ್ಟರ್, ಐಸೊಲೇಟರ್ ಎಂಬ ಪದಗಳು ಹಾಗೆಯೇ ಇರಲಿ, ಅವು ಈಗ ನಮ್ಮ ಪದಗಳೇ. ಆದರೆ 'ಏಕೆ' ಎಂಬುದಕ್ಕೆ ಉತ್ತರ ಕನ್ನಡದಲ್ಲಿ ಸಿಗಬೇಕು. ಡಿಸಿ ಭಾಗಕ್ಕೆ, ಎಸಿ ಭಾಗಕ್ಕೆ, ಸಿಡಿಲು ತಡೆಗೆ ಹೀಗೆ ಮೂರು ಬೇರೆ ಅರ್ಥ್ ಗುಂಡಿ ತೆಗೆಯಿರಿ ಎಂದು ಇಂಗ್ಲಿಷ್ ಕೈಪಿಡಿಯಲ್ಲಿ ಓದಿ ಒಪ್ಪಿಸಿದ ಹುಡುಗ, ಮನೆ ಮಾಲೀಕರು ಒಂದೇ ಸಾಕು ಎಂದು ಒತ್ತಾಯಿಸಿದಾಗ ಸುಮ್ಮನಾಗುತ್ತಾನೆ. ಸಿಡಿಲು ಬಡಿದಾಗ ಅದರ ವಿದ್ಯುತ್ತು ನೆಲಕ್ಕೆ ಇಳಿಯುವ ದಾರಿಯಲ್ಲೇ ನಿಮ್ಮ ಇನ್ವರ್ಟರನ್ನೂ ಕಟ್ಟಿಹಾಕಿದಂತಾಗುತ್ತದೆ ಎಂದು ಬಿಡಿಸಿ ಹೇಳಬಲ್ಲವನು ಗುಂಡಿ ತೆಗೆಸಿಯೇ ತೀರುತ್ತಾನೆ. ಹಾಗೆಯೇ, ಕರೆಂಟು ಹೋದಾಗ ತಾರಸಿಯ ಸೋಲಾರ್ ಕೂಡ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್ ಆಗಲೂ ವಿದ್ಯುತ್ ಕಳಿಸುತ್ತಿದ್ದರೆ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಇದನ್ನು ಮಾರುವ ಮೊದಲೇ ಮನೆಯವರಿಗೆ ಹೇಳಬೇಕು, ಕತ್ತಲಲ್ಲಿ ಕುಳಿತು ಫೋನು ಮಾಡಿದ ಮೇಲಲ್ಲ.

ಓದು ಬಾರದವರೂ ಈ ವಿದ್ಯೆಯನ್ನು ಕಲಿಯಬಲ್ಲರು ಎಂಬುದಕ್ಕೆ ರಾಜಸ್ಥಾನದ ತಿಲೋನಿಯಾ ಇದೆ. 1972ರಲ್ಲಿ ಬಂಕರ್ ರಾಯ್ ಆರಂಭಿಸಿದ ಬೇರ್‌ಫುಟ್ ಕಾಲೇಜಿನಲ್ಲಿ, ಆಫ್ರಿಕಾದ ಹಳ್ಳಿಗಳಿಂದ ಬಂದ ಅಜ್ಜಿಯರು ಬಣ್ಣದ ಗುರುತು, ಕೈಸನ್ನೆಗಳ ಮೂಲಕ ಆರು ತಿಂಗಳಲ್ಲಿ ಸೌರ ದೀಪಗಳನ್ನು ಜೋಡಿಸಲು, ದುರಸ್ತಿ ಮಾಡಲು ಕಲಿತು ಹೋಗಿದ್ದಾರೆ. ಅಲ್ಲಿಂದ ನಾವು ಕಲಿಯಬೇಕಾದದ್ದು ಇನ್ನೊಂದೂ ಇದೆ. ನಮ್ಮ ತರಗತಿಗಳಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ತಾರಸಿ ಹತ್ತುವ ಕೆಲಸ, ಊರೂರು ತಿರುಗುವ ಕೆಲಸ ಎಂದು ಮನೆಯವರು ಹಿಂಜರಿಯುವುದು ಅರ್ಥವಾಗುತ್ತದೆ. ಆದರೆ ಮನೆಯ ವಿದ್ಯುತ್ ಲೆಕ್ಕ ನೋಡಲು ಹೋದಾಗ ಅಡುಗೆಮನೆಯ ತನಕ ಒಳಗೆ ಕರೆದು, ಮಿಕ್ಸಿ, ಗ್ರೈಂಡರ್, ಫ್ರಿಡ್ಜು ಎಲ್ಲವನ್ನೂ ತೋರಿಸಿ ಮನಬಿಚ್ಚಿ ಮಾತನಾಡುವುದು ಹೆಣ್ಣುಮಗಳೊಂದಿಗೆ ಎಂಬುದು ನನ್ನ ಅನುಭವ. ಉಳಿತಾಯದ ಕೆಲಸದಲ್ಲಿ ಅವರು ಮುಂದೆ ಹೋಗುತ್ತಾರೆ, ಹೋಗಲು ಬಿಡಬೇಕಷ್ಟೆ.

ಮುಂದಿನ ಮೆಟ್ಟಿಲುಗಳ ಬಗ್ಗೆ ಎರಡು ಮಾತು. ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಪಡೆದುಕೊಳ್ಳುವುದನ್ನು ಮುಂದೂಡಬೇಡಿ, ಅದಿಲ್ಲದೆ ನೀವು ಸದಾ ಬೇರೊಬ್ಬರ ಸಹಿಯ ಕೆಳಗೆ ದುಡಿಯಬೇಕಾಗುತ್ತದೆ. ಇಂಧನ ದಕ್ಷತಾ ಬ್ಯೂರೊ 2002ರ ಮಾರ್ಚ್ 1ರಂದು ಸ್ಥಾಪನೆಯಾದ ಸಂಸ್ಥೆ. ಫ್ರಿಡ್ಜಿನ ಮೇಲಿನ ನಕ್ಷತ್ರದ ಚೀಟಿಯನ್ನು ನಾವೆಲ್ಲ ಬಲ್ಲೆವು, ಆದರೆ ಅದೇ ಸಂಸ್ಥೆಯ ಎನರ್ಜಿ ಮ್ಯಾನೇಜರ್ ಮತ್ತು ಎನರ್ಜಿ ಆಡಿಟರ್ ಪರೀಕ್ಷೆಗಳನ್ನು ಬಲ್ಲವರು ಕಡಿಮೆ. ಮೊದಲನೆಯದಕ್ಕೆ ಮೂರು ಪತ್ರಿಕೆ, ಎರಡನೆಯದಕ್ಕೆ ನಾಲ್ಕು. ಐಟಿಐ ನಂತರ ಡಿಪ್ಲೊಮಾ ಮುಗಿಸಿದವರು ಕೆಲವು ವರ್ಷಗಳ ಅನುಭವದ ನಂತರ ಎನರ್ಜಿ ಮ್ಯಾನೇಜರ್ ಪರೀಕ್ಷೆಗೆ ಕೂರಬಹುದು. ಸ್ವಂತ ಅಂಗಡಿ ಇಡುವ ಮನಸ್ಸಿರುವವರಿಗೆ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಕೈಕೆಲಸದ ಜೊತೆಗೆ ಲೆಕ್ಕ ಬರೆಯುವುದನ್ನೂ, ಬ್ಯಾಂಕಿನವರ ಮುಂದೆ ಕುಳಿತು ಮಾತನಾಡುವುದನ್ನೂ ಕಲಿಸುತ್ತವೆ. 1995ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಮನೆಗಳಿಗೆ ಸೌರ ದೀಪ ಒದಗಿಸುವ ಸೆಲ್ಕೊ ಸಂಸ್ಥೆಗಾಗಿ ಅದರ ಸಹಸಂಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಬಡವರೂ ಸಾಲ ತೀರಿಸಿ ಸೌರ ದೀಪ ಉಳಿಸಿಕೊಳ್ಳಬಲ್ಲರು ಎಂದು ಆ ಸಂಸ್ಥೆ ತೋರಿಸಿಕೊಡಲು ಸಾಧ್ಯವಾದದ್ದು, ದೀಪ ಕೆಟ್ಟಾಗ ಮನೆ ಬಾಗಿಲಿಗೆ ಬರುವ ತಂತ್ರಜ್ಞರು ಹತ್ತಿರದಲ್ಲೇ ಇದ್ದದ್ದರಿಂದ ಕೂಡ.

ಕೊನೆಯದಾಗಿ, ನಮ್ಮ ತರಬೇತಿಯ ಕಡೆಯ ದಿನದ ಪರೀಕ್ಷೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಆ ತಂದೆಯ ಪ್ರಶ್ನೆಗೆ ನಾನು ಕೊಡಬಲ್ಲ ಅತ್ಯಂತ ನೇರವಾದ ಉತ್ತರ ಅದರಲ್ಲಿದೆ. ಆರು ಪ್ಯಾನೆಲ್ಲುಗಳ ಒಂದು ಸಾಲಿನಲ್ಲಿ ಯಾರಿಗೂ ಕಾಣದಂತೆ ಒಂದು ದೋಷವನ್ನು ಇಟ್ಟಿರುತ್ತೇವೆ. ಪ್ಯಾನೆಲ್ಲಿನ ಹಿಂಬದಿಯ ಚೀಟಿಯಲ್ಲಿ 49.5 ವೋಲ್ಟ್ ಎಂದಿರುತ್ತದೆ, ಆರಕ್ಕೆ 297. ಕಳೆದ ಬಾರಿ ಮಧ್ಯಾಹ್ನ ಹನ್ನೆರಡಕ್ಕೆ ಮೀಟರ್ ತೋರಿಸಿದ್ದು 254. ಮೊದಲು ಹೋದ ಹುಡುಗ 43 ವೋಲ್ಟ್ ಕಡಿಮೆ ಇದೆ, ಅದು ಹೆಚ್ಚುಕಡಿಮೆ ಒಂದು ಪ್ಯಾನೆಲ್ಲಿನಷ್ಟು, ಆದ್ದರಿಂದ ಒಂದು ಪ್ಯಾನೆಲ್ ಪೂರ್ತಿ ಸತ್ತಿದೆ, ಹೊಸದು ತರಬೇಕು ಎಂದು ಬರೆದುಕೊಟ್ಟ. ಅವನ ನಂತರ ಬಂದ ಹುಡುಗಿ ಮೀಟರ್ ಓದಿದ ಮೇಲೆ ಪ್ಯಾನೆಲ್ಲಿನ ಬೆನ್ನಿಗೆ ತಾಪಮಾಪಕ ಹಿಡಿದಳು. 60 ಡಿಗ್ರಿ ಇತ್ತು. ಚೀಟಿಯ ಲೆಕ್ಕ 25 ಡಿಗ್ರಿಯದು, ಪ್ರತಿ ಡಿಗ್ರಿಗೆ ವೋಲ್ಟೇಜು ಶೇಕಡ ಕಾಲಿಗಿಂತ ತುಸು ಹೆಚ್ಚು ಇಳಿಯುತ್ತದೆ ಎಂದು ಅಂಗೈಯಲ್ಲೇ ಲೆಕ್ಕ ಹಾಕಿ, ಈ ಬಿಸಿಲಿಗೆ ಒಂದೊಂದು ಪ್ಯಾನೆಲ್ 45ರ ಹತ್ತಿರ, ಆರಕ್ಕೆ 269 ಇರಬೇಕಿತ್ತು ಎಂದಳು. ಕಡಿಮೆ ಇರುವುದು 15 ಮಾತ್ರ. 15 ಎಂದರೆ ಒಂದು ಪ್ಯಾನೆಲ್ಲಿನ ಮೂರನೇ ಒಂದು ಭಾಗ, ಪ್ಯಾನೆಲ್ಲಿನ ಮೂರು ಭಾಗಗಳಿಗೆ ಒಂದೊಂದರಂತೆ ಜೋಡಿಸಿದ ಮೂರು ಬೈಪಾಸ್ ಡಯೋಡುಗಳಲ್ಲಿ ಒಂದು ಶಾರ್ಟ್ ಆಗಿ ಆ ಭಾಗದ ವೋಲ್ಟೇಜನ್ನು ನುಂಗಿದೆ. ಐಸೊಲೇಟರ್ ತೆಗೆದಳು, ಹರಿವು ಸೊನ್ನೆ ಎಂದು ನೋಡಿಕೊಂಡಳು, ಒಂದೊಂದೇ ಪ್ಯಾನೆಲ್ ಬಿಡಿಸಿ ಅಳೆಯುತ್ತಾ ಹೋದಳು. 45, 45, 45. ನಾಲ್ಕನೆಯದರಲ್ಲಿ ಮೀಟರ್ 30 ತೋರಿಸಿತು.